ಹುಳು ಮನೆಯಲ್ಲಿ ಇಟ್ಟ ಅನ್ನ

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮರ್ಯಾದೆ ಸಿಗುತ್ತಿದ್ದುದು ಹುಳುಗಳಿಗೆ. ಶಿಡ್ಲಘಟ್ಟದ ಸುತ್ತಿನ ಊರುಗಳಲ್ಲಿ ರೇಷ್ಮೆ ಹುಳು ಸಾಕದ ಮನೆ ಕಡಿಮೆ. ಆದರೆ ನಮ್ಮ ಅತ್ತೆಯ ಆಡಳಿತದಲ್ಲಿ ಅವಕ್ಕೆ ಸಲ್ಲುತ್ತಿದ್ದ ಉಪಚಾರ ಬೀಗರಿಗೂ ಸಲ್ಲುತ್ತಿರಲಿಲ್ಲ. ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆಯಾದ ನಾಲ್ಕನೇ ವರ್ಷಕ್ಕೆ ಗಂಡ ತೀರಿಕೊಂಡು, ತವರಿಗೆ ಬಂದು, ಹುಳು ಮನೆಯ ಅಧಿಕಾರ ವಹಿಸಿಕೊಂಡವಳು. ಆ ಕೋಣೆಗೆ ಹೋಗುವವರು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈಕಾಲು ತೊಳೆದೇ ಹೋಗಬೇಕು. ಬೀಡಿ ಸೇದಿದ ಬಾಯಿಗೆ ಪ್ರವೇಶವಿಲ್ಲ, ಹಾಗಾಗಿ ಮನೆಯ ಯಜಮಾನರಾದ ನಮ್ಮಪ್ಪ ಬಹುಪಾಲು ಹೊಸ್ತಿಲಾಚೆಯೇ ನಿಂತು ಮಾತಾಡುತ್ತಿದ್ದರು. ಹಿಪ್ಪುನೇರಳೆ ಸೊಪ್ಪನ್ನು ತಂಪಾದ ಮೂಲೆಯಲ್ಲಿ, ಒದ್ದೆ ಗೋಣಿಯ ಕೆಳಗೆ, ಒತ್ತಿ ತುಂಬದೆ ಸಡಿಲವಾಗಿ ಹರವಿ ಇಡುತ್ತಿದ್ದರು. ರಾಶಿ ಹಾಕಿದ ಸೊಪ್ಪು ಒಳಗೊಳಗೇ ಬಿಸಿಯಾಗುತ್ತದೆ, ಬಿಸಿಯಾದ ಸೊಪ್ಪು ತಿಂದ ಹುಳು ಉಳಿಯುವುದಿಲ್ಲ. ಇದು ನಮ್ಮ ಮನೆಯಲ್ಲಿ ಮಾತು ಕಲಿತ ಮಕ್ಕಳಿಗೆಲ್ಲ ಗೊತ್ತಿದ್ದ ವಿಚಾರ.

ನನಗೂ ಗೊತ್ತಿತ್ತು. ಅಷ್ಟೇ ಅಲ್ಲ, ನಾನು ಬಿ.ಎಸ್ಸಿ. ಪಾಸು ಮಾಡಿದ್ದೆ. ತೊಂಡೇಬಾವಿಯ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿ ಒಂದು ವರ್ಷವೂ ತುಂಬಿರಲಿಲ್ಲ. ಆ ವಯಸ್ಸಿನ ವಿಜ್ಞಾನದ ಮೇಷ್ಟ್ರಿಗೆ ಲೋಕದಲ್ಲಿ ತಿಳಿಯದ್ದು ಏನೂ ಇರುವುದಿಲ್ಲ. ಶನಿವಾರ ಊರಿಗೆ ಬಂದರೆ ಹುಳು ಮನೆಯಲ್ಲಿ ತೂಗುಹಾಕಿದ್ದ ಉಷ್ಣಮಾಪಕವನ್ನು ಓದಿ ಹೇಳುವುದು ನನ್ನ ಕೆಲಸ. ಅತ್ತೆ ಅದನ್ನು ನೋಡದೆಯೇ ಕೆನ್ನೆಗೆ ತಾಗುವ ಗಾಳಿಯಲ್ಲಿ ಶಾಖ ಹೇಳುತ್ತಿದ್ದಳು. ಆದರೂ ನನ್ನ ಮರ್ಯಾದೆಗಾಗಿ ಕೇಳುತ್ತಿದ್ದಳು.

ಎಂಬತ್ತರ ದಶಕದ ಕೊನೆಯ ಒಂದು ಚಳಿಗಾಲ. ನನ್ನ ತಂಗಿಯ ಮದುವೆಯ ಮಾತುಕತೆಗೆ ಗೌರಿಬಿದನೂರಿನ ಕಡೆಯಿಂದ ಹುಡುಗನ ಮನೆಯವರು ಭಾನುವಾರ ಬರುವುದಿತ್ತು. ನಮ್ಮದು ರಾಗಿ ತಿನ್ನುವ ಸೀಮೆ. ಎರಡು ಹೊತ್ತೂ ಮುದ್ದೆ, ಅನ್ನ ಎಂದರೆ ಒಂದು ಹಿಡಿ, ಮಜ್ಜಿಗೆಗೆ. ಆದರೆ ಬೀಗರಾಗುವವರಿಗೆ ಮುದ್ದೆ ಇಟ್ಟರೆ ಮನೆತನದ ಗತಿಯೇನು? ಅಮ್ಮ ದೊಡ್ಡ ತಪ್ಪಲೆ ತುಂಬ ಅನ್ನ ಮಾಡಿದಳು. ಅವರು ಬಂದರು, ಕೂತರು, ಒಪ್ಪಿದರು. ಊಟಕ್ಕೆ ಕೂತಾಗ ಮಾತ್ರ, ಮೊದಲ ಸಲ ಹೆಣ್ಣಿನ ಮನೆಯಲ್ಲಿ ಹೊಟ್ಟೆಬಾಕರಂತೆ ಕಾಣಬಾರದೆಂದು ಅವರ ಹಿರಿಯರು ಅಪ್ಪಣೆ ಕೊಟ್ಟು ಕರೆತಂದಿದ್ದಂತೆ, ಬೆರಳ ತುದಿಯಲ್ಲಿ ತಿಂದು ಎದ್ದರು. ನಾವೆಲ್ಲ ಉಂಡ ಮೇಲೂ ತಪ್ಪಲೆಯಲ್ಲಿ ಮೂರರಲ್ಲೊಂದು ಪಾಲು ಅನ್ನ ಹಾಗೇ ಉಳಿಯಿತು.

ಅನ್ನ ಚೆಲ್ಲುವುದು ನಮ್ಮ ಮನೆಯಲ್ಲಿ ಯಾರ ತಲೆಗೂ ಬರುವ ವಿಚಾರವಲ್ಲ. ಎಲ್ಲಿಡುವುದು ಎಂಬುದಷ್ಟೇ ಪ್ರಶ್ನೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅತ್ತೆ ಎರಡು ಮೊರ ತೊಳೆದು ಒರೆಸಿ ತಂದಳು. ಅನ್ನವನ್ನು ತೆಳ್ಳಗೆ ಹರವಿ ಆರಿಸುವುದು, ಆರಿದ ಮೇಲೆ ಅಕ್ಕಪಕ್ಕದ ನಾಲ್ಕು ಮನೆಗೆ ಅವತ್ತೇ ಹಂಚುವುದು, ಉಳಿದ ಸ್ವಲ್ಪಕ್ಕೆ ಮಣ್ಣಿನ ಮಡಕೆಯಲ್ಲಿ ತಣ್ಣೀರು ಹುಯ್ದು ನೀರು ಮನೆಯ ತಂಪಿನಲ್ಲಿಡುವುದು ಅವಳ ಕ್ರಮ. ನಾನು ಅಡ್ಡ ಬಂದೆ. ಮೊರದಲ್ಲಿ ಹರವಿದರೆ ಗಾಳಿಯ ಕ್ರಿಮಿಯೆಲ್ಲ ಅದರ ಮೇಲೆ ಕೂರುತ್ತದೆ, ನೀರು ಹಾಕಿದರೆ ಇನ್ನೂ ಬೇಗ ಕೆಡುತ್ತದೆ ಎಂದೆಲ್ಲ ಪಾಠ ಮಾಡಿದೆ. ಮೇಲಾಗಿ ಇಲಿ, ಬೆಕ್ಕು, ಇರುವೆ. ಇವು ಮೂರೂ ಕಾಲಿಡದ ಜಾಗ ಮನೆಯಲ್ಲಿ ಒಂದೇ ಇತ್ತು. ಹುಳು ಮನೆಯ ತಟ್ಟೆಗಳ ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಕಲ್ಲು ಬಟ್ಟಲುಗಳಲ್ಲಿ ನಿಲ್ಲಿಸಿರುತ್ತಿದ್ದರು, ಇರುವೆ ಹತ್ತದ ಹಾಗೆ. ಬಾಗಿಲು ಭದ್ರ. ಆಗ ಹುಳು ಇನ್ನೂ ಸಣ್ಣವು, ಚಳಿ ಬೇರೆ, ಇದ್ದಿಲ ಒಲೆ ಹಗಲೂ ರಾತ್ರಿ ಉರಿಯುತ್ತಿತ್ತು.

“ಅನ್ನಕ್ಕೆ ಉಸಿರಾಡಕ್ಕೆ ಬಿಡ್ಬೇಕು ಕಣಪ್ಪಾ,” ಎಂದಳು ಅತ್ತೆ. “ಒಳಗೆ ಬಿಸಿ ಇದ್ದಂಗೇ ಮುಚ್ಚಿಟ್ರೆ ಮುಗ್ಗುತ್ತೆ.”

“ಬೆಚ್ಚಗಿದ್ರೆ ಕ್ರಿಮಿ ಬೆಳಿಯಲ್ಲ ಅತ್ತೆ. ಬೆಳಿಗ್ಗೆ ಹೆಂಗೂ ಬಿಸಿ ಮಾಡ್ತೀವಲ್ಲ, ಇದ್ರೂ ಸತ್ತೋಗುತ್ತೆ.”

“ಓದ್ದೋನು ಹೇಳ್ತೀಯ, ಇರ್ಬೋದು,” ಎಂದು ಅವಳು ಮೊರಗಳನ್ನು ಗೋಡೆಗೆ ಒರಗಿಸಿದಳು.

ತಪ್ಪಲೆಯನ್ನು ಎತ್ತಿಕೊಂಡು ಹೋಗಿ, ಕೈಕಾಲು ತೊಳೆದು, ಸ್ಟ್ಯಾಂಡಿನ ಕೆಳಗಿನ ಅಟ್ಟಣಿಗೆಯ ಮೇಲಿಟ್ಟು, ತಟ್ಟೆ ಮುಚ್ಚಿ, ಅದರ ಮೇಲೊಂದು ಟವೆಲನ್ನೂ ಹೊದಿಸಿದವನು ನಾನು. ಉಷ್ಣಮಾಪಕ ನೋಡಿ, ಸರಿಯಾಗಿದೆ ಎಂದು ಪ್ರಕಟಿಸಿದೆ. ಸರಿಯಾಗಿಯೇ ಇತ್ತು, ಹುಳುಗಳಿಗೆ.

ಬೆಳಿಗ್ಗೆ ತಪ್ಪಲೆ ಅಮ್ಮನ ಮೂಗಿನ ಮುಂದೆ ಹಾಜರಾಯಿತು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಕೋರ್ಟಿರಲಿಲ್ಲ. ಅಮ್ಮ ಮೂಸಿದಳು, ಒಂದು ಅಗುಳು ಹಿಸುಕಿ ನೋಡಿದಳು, ಅಂಟು ಬಂದಿಲ್ಲ, ವಾಸನೆಯಿಲ್ಲ ಎಂದು ತೀರ್ಪು ಕೊಟ್ಟಳು. ಕಡಲೆಬೀಜ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆ ಬಿತ್ತು. ನಾನು ಪಕ್ಕದಲ್ಲೇ ನಿಂತು, ಹಬೆ ಏಳುವ ತನಕ ಬಿಸಿ ಮಾಡಿಸಿದೆ. ನಿಂಬೆಹುಳಿ ಹಿಂಡಿದ ಚಿತ್ರಾನ್ನ ನಿಜಕ್ಕೂ ಚೆನ್ನಾಗಿತ್ತು. ಅಪ್ಪ, ಅಮ್ಮ, ತಂಗಿ, ನಾನು ಎರಡೆರಡು ಸಲ ಹಾಕಿಸಿಕೊಂಡು ತಿಂದೆವು. ನಾನು ಅವತ್ತು ರಜೆ ಹಾಕಿದ್ದೆ. ಅತ್ತೆ ಎಂದಿನಂತೆ ಎಲ್ಲರದೂ ಆದ ಮೇಲೆ ಕೂತು, ತಪ್ಪಲೆಯ ತಳದಲ್ಲಿ ಗಟ್ಟಿಯಾಗಿ ಕೂತಿದ್ದನ್ನೆಲ್ಲ ಕೆರೆದು ಬಳಿದು ತಿಂದಳು. ಕೊನೆಗೆ ಕೂರುವುದು, ಉಳಿದದ್ದನ್ನೆಲ್ಲ ಮುಗಿಸುವುದು ಅವಳ ಪಾಲಿನ ಕೆಲಸವೆಂದು ಯಾರೂ ಹೇಳಿರಲಿಲ್ಲ. ಯಾರೂ ಬೇಡವೆಂದೂ ಹೇಳಿರಲಿಲ್ಲ.

ಹತ್ತೂವರೆಯ ಹೊತ್ತಿಗೆ ಮೊದಲು ಅಪ್ಪ ಹಿತ್ತಿಲಿಗೆ ಓಡಿದರು. ಅವರ ಹಿಂದೆ ತಂಗಿ. ಹನ್ನೊಂದಕ್ಕೆಲ್ಲ ನಿನ್ನೆ ತಾನೇ ಸಂಬಂಧ ಕುದುರಿಸಿಕೊಂಡ ಗೌರವಸ್ಥ ಮನೆತನವೊಂದು ತಿಪ್ಪೆಯ ಪಕ್ಕ ಸಾಲಾಗಿ ಬಗ್ಗಿ ನಿಂತಿತ್ತು. ಅತ್ತೆ ವಾಂತಿ ಮಾಡಿ ಬಾಯಿ ಮುಕ್ಕಳಿಸಿ, ಬ್ಲೀಚಿಂಗ್ ನೀರಿನಲ್ಲಿ ಕೈತೊಳೆದು, ಹುಳುವಿಗೆ ಸೊಪ್ಪು ಹಾಕಿ, ಹೊರಗೆ ಬಂದು ಮತ್ತೆ ವಾಂತಿ ಮಾಡಿದಳು.

ಸಂಜೆಯ ಹೊತ್ತಿಗೆ ನಾವು ನಾಲ್ವರೂ ಚೇತರಿಸಿಕೊಂಡೆವು. ಅತ್ತೆಗೆ ನಿಲ್ಲಲಿಲ್ಲ. ಶುಂಠಿ ಕಷಾಯ, ನಿಂಬೆ ಶರಬತ್ತು, ಯಾವುದೂ ಒಳಗೆ ಉಳಿಯಲಿಲ್ಲ. ಶಿಡ್ಲಘಟ್ಟದ ಆಸ್ಪತ್ರೆಗೆ ಹೋಗೋಣವೆಂದು ಅಮ್ಮ ಅಂದಳು. ಅಪ್ಪ ಯೋಚಿಸಿದರು. ಅವರ ಯೋಚನೆ ನನಗೂ ಅರ್ಥವಾಗುತ್ತಿತ್ತು. ಬೀಗರು ಬಂದು ಹೋದ ಮರುದಿನವೇ ಮನೆಮಂದಿಗೆಲ್ಲ ವಾಂತಿ ಎಂದು ಸುದ್ದಿಯಾದರೆ ಅದು ಗೌರಿಬಿದನೂರಿಗೆ ಮೊದಲ ಬಸ್ಸಿನಲ್ಲೇ ಹೋಗುತ್ತದೆ. ಅವರು ನನ್ನ ಮುಖ ನೋಡಿದರು. ವಾಂತಿಯಾದರೆ ಒಳ್ಳೆಯದೇ, ಒಳಗಿದ್ದದ್ದೆಲ್ಲ ಹೊರಗೆ ಹೋಯಿತು, ನಾಳೆಗೆ ಸರಿಹೋಗುತ್ತದೆ ಎಂದು ನಾನು ಎರಡನೇ ಸಲ ಪ್ರಕಟಿಸಿದೆ. ಅತ್ತೆಯೂ ಹುಳ ಬಿಟ್ಟು ಬರಲಾರೆನೆಂದಳು. ಅದು ನಮಗೆಲ್ಲ ಅನುಕೂಲವಾಯಿತು.

ಮಂಗಳವಾರ ಅವಳು ಗೋಡೆ ಹಿಡಿದುಕೊಂಡೇ ಸೊಪ್ಪು ಹಾಕಿದಳು. ಬುಧವಾರ ಬೆಳಿಗ್ಗೆ ಏಳಲಿಲ್ಲ. ಕಣ್ಣಿನ ಬಿಳಿ ಹಳದಿಯಾಗಿತ್ತು, ಮಾತು ತೊದಲುತ್ತಿತ್ತು. ಸೊಪ್ಪು ಸಾಗಿಸುವ ಟೆಂಪೋದಲ್ಲಿ ಮಲಗಿಸಿಕೊಂಡು ಶಿಡ್ಲಘಟ್ಟಕ್ಕೆ, ಅಲ್ಲಿಂದ ಚಿಕ್ಕಬಳ್ಳಾಪುರಕ್ಕೆ ಹೋದೆವು.

ಅಲ್ಲಿ ನೋಡಿದ ಡಾಕ್ಟರು ಒಬ್ಬ ಸಾಬರ ಹೆಣ್ಣುಮಗಳು, ನನಗಿಂತ ನಾಲ್ಕೈದು ವರ್ಷ ದೊಡ್ಡವರಿದ್ದಿರಬಹುದು. ಏನು ತಿಂದಿದ್ದರು ಎಂದು ಕೇಳಿದರು. ಅಪ್ಪ ಬಾವಿ ನೀರಿನ ಮೇಲೆ ತಪ್ಪು ಹೊರಿಸಿದರು. ಅವರು ನನ್ನನ್ನು ಪಕ್ಕಕ್ಕೆ ಕರೆದು, ಮೇಷ್ಟ್ರು ಅಂತೀರಿ, ನೀವಾದರೂ ನಿಜ ಹೇಳಿ ಎಂದರು. ಹೇಳಿದೆ.

“ಅನ್ನ ಎಲ್ಲಿಟ್ಟಿದ್ರಿ?”

“ಹುಳು ಮನೇಲಿ. ಬೆಚ್ಚಗೆ.”

“ಎಷ್ಟೊತ್ತು?”

“ಸಂಜೆಯಿಂದ ಬೆಳಿಗ್ಗೆ ತನಕ.”

ಅವರು ಪೆನ್ನು ಕೆಳಗಿಟ್ಟರು. “ಸೊಪ್ಪೂ ಅಲ್ಲೇ ಇಡ್ತೀರಾ?”

“ಇಲ್ಲ ಮೇಡಂ. ಸೊಪ್ಪು ತಣ್ಣಗಿರೋ ಕಡೆ.”

“ಯಾಕೆ?”

“ಬೆಚ್ಚಗಿಟ್ರೆ ಕೆಡುತ್ತೆ,” ಎಂದೆ. ಎಂದ ಮೇಲೆ ನಾನು ಹೇಳಿದ್ದು ನನಗೇ ಕೇಳಿಸಿತು.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಕ್ಕಿಯಲ್ಲೇ ಇರುವ ಒಂದು ಕ್ರಿಮಿ ಬೇಯಿಸಿದರೂ ಪೂರ್ತಿ ಸಾಯುವುದಿಲ್ಲ, ಅನ್ನ ಹೊತ್ತುಗಟ್ಟಲೆ ಬೆಚ್ಚಗಿದ್ದರೆ ಎದ್ದು ಬೆಳೆಯುತ್ತದೆ, ಬೆಳೆಯುತ್ತಾ ವಿಷ ಬಿಡುತ್ತದೆ ಎಂದು ಬಿಡಿಸಿ ಹೇಳಿದರು. ಆ ವಿಷಕ್ಕೆ ವಾಸನೆಯಿಲ್ಲ, ಎಷ್ಟು ಬಿಸಿ ಮಾಡಿದರೂ ಅದು ಹೋಗುವುದಿಲ್ಲ. ಬೇಗ ಆರಿಸಬೇಕು, ತಂಪಿನಲ್ಲಿಡಬೇಕು, ಇಲ್ಲವೇ ಅವತ್ತೇ ಮುಗಿಸಬೇಕು. ಸಾಮಾನ್ಯವಾಗಿ ಒಂದು ದಿನದ ವಾಂತಿಗೆ ಮುಗಿಯುತ್ತದೆ, ಲಿವರಿಗೆ ಏಟು ಬೀಳುವುದು ತೀರಾ ಅಪರೂಪ, ಅದೇ ಆಗಿದೆಯೆಂದು ಖಚಿತವಾಗಿ ಹೇಳಲು ಆ ಅನ್ನ ಇರಬೇಕಿತ್ತು ಎಂದರು. ಅನ್ನವನ್ನು ಅತ್ತೆ ಒಂದಗುಳೂ ಉಳಿಸಿರಲಿಲ್ಲ.

ಸೋಮವಾರವೇ ಬಂದಿದ್ದರೆ ಎಂದು ಕೇಳಲು ಬಾಯಿ ತೆರೆದೆ. ಔಷಧಿ ಎಲ್ಲಿ ತರಬೇಕು ಎಂದು ಕೇಳಿದೆ.

ಶುಕ್ರವಾರ ಮಧ್ಯಾಹ್ನ ಅತ್ತೆ ಹೋದಳು. ಕೊನೆಗೆ ಸ್ವಲ್ಪ ಎಚ್ಚರವಿದ್ದಾಗ ನನ್ನನ್ನು ಗುರುತು ಹಿಡಿದು, ಕೋಣೆಯ ಶಾಖ ಎಷ್ಟಿದೆ ಎಂದು ಕೇಳಿದಳು. ಆಸ್ಪತ್ರೆಯನ್ನು ಹುಳು ಮನೆ ಅಂದುಕೊಂಡಿದ್ದಳೋ ಏನೋ. ಸರಿಯಾಗಿದೆ ಎಂದೆ.

ಊರಿಗೆ ಕಾಮಾಲೆ ಎಂದು ಹೇಳಿದೆವು. ಸುಳ್ಳೂ ಅಲ್ಲ. ತಂಗಿಯ ಸಂಬಂಧ ಉಳಿಯಿತು. ಹನ್ನೊಂದನೆಯ ದಿನ ಚಿಂತಾಮಣಿಯಿಂದ ಬಂದಿದ್ದ ನಮ್ಮ ಚಿಕ್ಕಮ್ಮ, ಎಲೆ ಮುಂದೆ ಕೂತು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಅಮ್ಮನನ್ನು ಕೆದಕಿ ಕೆದಕಿ ಕೇಳಿದಳು. ಅಮ್ಮ ಸಣ್ಣ ದನಿಯಲ್ಲಿ, “ಅತ್ತಿಗೇಗೆ ಏನೂ ಬಿಸಾಕೋ ಬುದ್ಧಿ ಇರ್ಲಿಲ್ಲ ಕಣೇ. ಅನ್ನ ಎತ್ತಿ ಎತ್ತಿ ಇಡೋರು. ಹುಳು ಮನೇಲಿ ಇಟ್ಬಿಟ್ಟವ್ರೆ,” ಎಂದಳು. ಪಾಪ ಎಂದಿತು ಪಂಕ್ತಿಯೆಲ್ಲ. ಅಮ್ಮ ಬೇಕೆಂದೇ ಹಾಗೆ ಹೇಳಿದಳೋ, ಅವಳ ನೆನಪೇ ನನ್ನನ್ನು ಉಳಿಸಲು ಹಾಗೆ ತಿರುಗಿಕೊಂಡಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಸಾರಿನ ಬಕೆಟ್ಟು ಹಿಡಿದು ಮುಂದಿನ ಎಲೆಗೆ ಹೋದೆ.

ಮತ್ತೆ ಮೂವತ್ತು ವರ್ಷ ಮೇಷ್ಟ್ರಾಗಿದ್ದೆ. ಪಾಠದಲ್ಲಿ ಇರಲಿ ಬಿಡಲಿ, ಪ್ರತಿ ವರ್ಷ ಒಂದು ಪೀರಿಯಡ್ಡು ಅನ್ನಕ್ಕೆಂದು ಎತ್ತಿಟ್ಟೆ. ಹರವಿ ಆರಿಸಬೇಕು, ಮುಚ್ಚಿ ಬೆಚ್ಚಗಿಡಬೇಡಿ, ಬಿಸಿ ಮಾಡಿದರೆ ಸರಿಹೋಯಿತೆಂದು ನಂಬಬೇಡಿ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಹಂಗೆ ಇಟ್ಟು ಯಾರಿಗಾದ್ರೂ ಏನಾದ್ರೂ ಆಗಿದ್ದು ನೀವು ನೋಡಿದೀರಾ ಸಾರ್ ಎಂದು ಕೇಳಿದಳು. ನಮ್ಮ ಕಡೆ ಒಬ್ಬರ ಮನೆಯಲ್ಲಿ ಆಗಿತ್ತಮ್ಮ ಎಂದೆ. ಇಟ್ಟೋರು ಯಾರು ಸಾರ್ ಎಂದಳು.

ಮನೆಯ ಹೆಂಗಸೊಬ್ಬಳು, ಪಾಪ, ಗೊತ್ತಿರಲಿಲ್ಲ ಎಂದು ಹೇಳಿ, ಬೋರ್ಡಿನ ಕಡೆ ತಿರುಗಿದೆ.