ಶಂಖದ ಬಾವುಟ

ಹತ್ತು ಹದಿನೈದು ವರ್ಷದ ಹಿಂದೆ ಕೊಲ್ಲಿ ದೇಶದ ಮನಾಮಾದಲ್ಲಿ, ಸೂಕ್ ಅನ್ನುವ ಹಳೆ ಪೇಟೆಯಲ್ಲಿ ನಾನು ಟೈಲರ್ ಆಗಿದ್ದೆ. ಒಂದು ಮಧ್ಯಾಹ್ನ ಪಕ್ಕದ ಸಿತ್ರಾದಲ್ಲಿ ವೆಲ್ಡರ್ ಆಗಿದ್ದ ಕೆಲ್ವಿನ್ ಎಂಬಾತ ಅಂಗಡಿಗೆ ಬಂದ. ಕೆರಿಬಿಯನ್ ಕಡಲಿನ ಒಂದು ಪುಟ್ಟ ದ್ವೀಪದವನಂತೆ. ಮಾಸಿದ ಫೋಟೊ ಒಂದನ್ನು ಮೇಜಿನ ಮೇಲಿಟ್ಟ. ಅದರಲ್ಲಿ ಹಸಿರು ಬಾವುಟ, ನಡುವೆ ಅಗಲ ಬಾಯಿಯ ಬಿಳಿ ಶಂಖ.

"ಇಂಥದ್ದೇ ಒಂದು ಬೇಕು. ಪಾರ್ಟಿಯದ್ದು," ಅಂದ.

ಪಾರ್ಟಿ ಅಂದ ಕೂಡಲೇ ನನಗೆ ಹೊಳೆದದ್ದು ಬರ್ತ್‌ಡೇ ತೋರಣ. ಖುಷಿಯಿಂದಲೇ ಕೇಳಿದೆ, "ಎಷ್ಟು ಜನ ಸೇರ್ತೀರಿ?"

ಅವನು ಫೋಟೊವನ್ನು ನನ್ನ ಕಡೆ ಸರಿಸಿದ. "ನಿನ್ನೆಯವರೆಗೆ ಇಬ್ಬರಿದ್ದೆವು," ಅಂದ.

ಆಮೇಲೆ ಗೊತ್ತಾಯಿತು, ಅದು ಅವನ ಅಣ್ಣ ಊರಲ್ಲಿ ಕಟ್ಟಿದ ರಾಜಕೀಯ ಪಕ್ಷ. ಒಂದು ಚುನಾವಣೆಯನ್ನೂ ಗೆಲ್ಲದೆ, ಇದ್ದವರೆಲ್ಲ ಒಬ್ಬೊಬ್ಬರಾಗಿ ಬಿಟ್ಟುಹೋಗಿ, ಕೊನೆಗೆ ಅಣ್ಣ ತಮ್ಮ ಮಾತ್ರ ಉಳಿದಿದ್ದರು. ಈಗ ಅಣ್ಣನೂ ತೀರಿಕೊಂಡು ಪಕ್ಷದಲ್ಲಿ ಇವನೊಬ್ಬನೇ ಉಳಿದಿದ್ದ. ಇವನಿಗೆ ರಜೆ ಸಿಕ್ಕಿರಲಿಲ್ಲ. ಅಲ್ಲಿ ಮಣ್ಣು ಮಾಡುವ ಹೊತ್ತಿಗೆ ಇಲ್ಲಿ ರೂಮಿನ ಗೋಡೆಗೆ ಬಾವುಟ ಕಟ್ಟಬೇಕಂತೆ.

ಬೇರೆ ಕೆಲಸ ಬದಿಗಿಟ್ಟು ಹೊಲಿದೆ. ಎಷ್ಟು ಜಾಗ್ರತೆ ಮಾಡಿದರೂ ಕೊನೆಗೆ ಮೂಡಿದ್ದು ನಮ್ಮ ದೇವಸ್ಥಾನದ ಶಂಖವೇ.

ಅವನು ಅದರ ಮೇಲೆ ಬೆರಳಾಡಿಸಿದ. "ಇದು ನಮ್ಮದಲ್ಲ," ಅಂದ. "ಆದರೂ ಇರಲಿ. ಅಣ್ಣ ಯಾರನ್ನೂ ಬೇಡ ಅಂದವನಲ್ಲ."

ಅವನು ಹೋದಮೇಲೆ ಆರ್ಡರ್ ಪುಸ್ತಕ ಕಣ್ಣಿಗೆ ಬಿತ್ತು. ನಮ್ಮ ಧಂದೆಯಲ್ಲಿ ಗಿರಾಕಿಗೂ ಪಾರ್ಟಿ ಅಂತಲೇ ಹೇಳುವುದು. 'ಪಾರ್ಟಿಯ ಹೆಸರು' ಅಂತಿದ್ದ ಕಡೆ ನಾನೇ ಬರೆದಿದ್ದೆ: ಕೆಲ್ವಿನ್. ಅಷ್ಟು ವರ್ಷದಲ್ಲಿ ಆ ಕಾಲಂ ಸರಿಯಾಗಿ ತುಂಬಿದ್ದು ಅದೊಂದೇ ಸಲ.