ಮೂರು ಮೀಟರಿಗೆ ನಿಂತ ಹಳ್ಳ

ಗುರುವಾರ ಬೆಳಗ್ಗೆ ಏಳೂಕಾಲಿಗೆ ಧಾರವಾಡದಿಂದ ಹೊರಟೆ. ಚೀಲದಲ್ಲಿ ಒಂದು ಜೊತೆ ಬಟ್ಟೆ, ಅಳತೆ ಟೇಪು, ಡೈರಿ, ಮಡಿಚಿದ ಒಂದು ಗ್ರಾಫ್ ಇದ್ದವು. ಆ ಗ್ರಾಫಿನ ಗೆರೆಯೇ ನನ್ನನ್ನು ಹೊರಡಿಸಿತ್ತು.

ಸರ್ಕಾರ ಸಾರ್ವಜನಿಕರಿಗಾಗಿ ಜಾಲತಾಣದಲ್ಲಿ ತೆರೆದಿಡುವ ಅಂಕಿಅಂಶಗಳನ್ನು ಇಳಿಸಿಕೊಂಡು, ಅವು ಸರಿಯಿವೆಯೇ ಎಂದು ನೋಡುವ ಪುಟ್ಟ ಬಳಗವೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ಈ ಮಳೆಗಾಲದಲ್ಲಿ ನನ್ನ ಪಾಲಿಗೆ ಬಂದದ್ದು ನವಲಗುಂದ ತಾಲ್ಲೂಕಿನ ಒಂದು ದೊಡ್ಡ ಹಳ್ಳದ ನೀರಿನ ಮಟ್ಟ. ದಿನಕ್ಕೊಂದು ಅಂಕಿ, ಬೆಳಗ್ಗೆ ಎಂಟು ಗಂಟೆಯದು. ಎಕ್ಕಿಹಾಳ ಎಂಬ ಊರಿನ ಸೇತುವೆಯಲ್ಲಿ ಅಳೆದ ಅಂಕಿಗಳಿಗೆ ಗೆರೆ ಎಳೆದು ನೋಡಿದೆ. ಪ್ರತಿ ಮಳೆಗಾಲದಲ್ಲೂ ಕೆಲವು ಸಲ ಗೆರೆ ಸರಸರ ಏರಿ ಮೂರು ಮೀಟರಿಗೆ ಬಂದು ನಿಲ್ಲುತ್ತಿತ್ತು. ಎರಡು ಮೂರು ದಿನ ಹಲಗೆಯಂತೆ ಸಪಾಟಾಗಿ ಮಲಗಿ, ಮತ್ತೆ ಇಳಿಯುತ್ತಿತ್ತು. ಆರು ವರ್ಷದಲ್ಲಿ ಒಮ್ಮೆಯೂ ಮೂರನ್ನು ದಾಟಿರಲಿಲ್ಲ.

"ಅಗದಿ ಶಿಸ್ತಿನ ಹಳ್ಳ ಬಿಡವಾ, ಗೆರಿ ದಾಟಂಗಿಲ್ಲ," ಎಂದು ಪಕ್ಕದ ಮೇಜಿನ ಗೆಳತಿ ನಕ್ಕಳು. ಇಲಾಖೆಗೆ ಎರಡು ಸಲ ಇ-ಮೇಲ್ ಬರೆದೆ, ಉತ್ತರ ಬರಲಿಲ್ಲ. ಮೇಲೆಲ್ಲೋ ಒಡ್ಡು ಹಾಕಿರಬಹುದು, ಹೋಗಿ ನೋಡಿದರಾಯಿತು ಅಂದುಕೊಂಡೆ.

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿದೆ. ಕಂಡಕ್ಟರು ಹೆಣ್ಣುಮಕ್ಕಳಿಗೆಲ್ಲ ಸೊನ್ನೆ ರೂಪಾಯಿಯ ಟಿಕೆಟ್ ಕೊಡುತ್ತ ಬಂದರು. ನಾನು ಡೈರಿಯಲ್ಲಿ 'ಹುಬ್ಬಳ್ಳಿಯಿಂದ ನವಲಗುಂದ, ಸುಮಾರು ನಲವತ್ತು ಕಿಲೋಮೀಟರು, ₹0' ಎಂದು ಬರೆಯುವುದನ್ನು ಪಕ್ಕದ ಅಜ್ಜಿ ಇಣುಕಿ ನೋಡಿ, ಸೊನ್ನೀನೂ ಬರಕೋತೀ ಏನವಾ ಎಂದು ಕೇಳಿದಳು. ಅದೂ ಲೆಕ್ಕವೇ ಎಂದೆ. ಹೊರಗೆ ಎರೆ ಹೊಲಗಳಲ್ಲಿ ಹತ್ತಿ ಮೊಳಕಾಲೆತ್ತರ ಬೆಳೆದಿತ್ತು. ಹೆಸರುಕಾಳಿನ ಬೆಳೆ ಕಿತ್ತವರು ಬಳ್ಳಿಯನ್ನು ಡಾಂಬರು ರಸ್ತೆಯ ಮೇಲೆಯೇ ಹರವಿದ್ದರು. ನಮ್ಮ ಬಸ್ಸು ಅದನ್ನು ತುಳಿದು ಕಾಳು ಬಿಡಿಸುತ್ತ ಸಾಗಿತು.

ನವಲಗುಂದದಲ್ಲಿ ಗಿರ್ಮಿಟ್ಟು, ಎರಡು ಮಿರ್ಚಿ, ಒಂದು ಚಹ ಸೇರಿ ಐವತ್ತು ರೂಪಾಯಿ ಆಯಿತು. ಎಕ್ಕಿಹಾಳದ ಬಸ್ಸು ಹನ್ನೊಂದೂವರೆಗೆ ಬಂತು. ಬಿಸಿಲು ಚುರುಕಾಗಿತ್ತು, ಆದರೆ ಹಿಂದಿನ ದಿನದ ಮಳೆಗೆ ನೆಲ ಇನ್ನೂ ಒದ್ದೆ. ಇಳಿದು ಹತ್ತು ಹೆಜ್ಜೆ ಇಡುವಷ್ಟರಲ್ಲಿ ಎರೆ ಮಣ್ಣು ಮೆತ್ತಿ ಚಪ್ಪಲಿ ಒಂದೊಂದು ಸೇರಿನಷ್ಟು ಭಾರವಾಯಿತು.

ಹಳ್ಳದ ಮಟ್ಟ ನೋಡಿ ಹೇಳುವವರು ಮೌಲಾಸಾಬ. ಗಾದಿ ಹೊಲೆಯುವುದು ಅವರ ಕಸುಬು. ದಿನಾ ಬೆಳಗ್ಗೆ ಸೇತುವೆಗೆ ಹೋಗಿ, ಅಳತೆ ಪಟ್ಟಿ ನೋಡಿ, ನವಲಗುಂದದ ಕಚೇರಿಗೆ ಫೋನು ಮಾಡುವುದಕ್ಕೆ ತಿಂಗಳಿಗಿಷ್ಟು ಎಂದು ಗೌರವಧನ. ನಾನು ಬಂದ ಕಾರಣ ಕೇಳಿ, ಮೈಮೇಲಿನ ಹತ್ತಿ ಕೊಡವಿಕೊಂಡು ಎದ್ದರು. "ಬಾ ತಂಗಿ, ಹೋಗೂಣು. ಆರು ವರ್ಷದಾಗ ಪಟ್ಟಿ ನೋಡಾಕ ಬಂದಾಕಿ ನೀ ಒಬ್ಬಾಕಿ."

ಸೇತುವೆಯ ಕಂಬಕ್ಕೆ ಬಿಳಿ ಬಣ್ಣದ ಕಬ್ಬಿಣದ ಪಟ್ಟಿಗಳನ್ನು ಒಂದರ ಮೇಲೊಂದು ಬೋಲ್ಟು ಹಾಕಿ ಕೂರಿಸಿದ್ದರು. ಒಂದೊಂದೂ ಒಂದು ಮೀಟರು. ಕೆಳಗಿನದು ನೀರಲ್ಲಿತ್ತು. ಅದರ ಮೇಲೆ ಎರಡನೆಯದು, ಆಮೇಲೆ ಮೂರನೆಯದು. ಅದರ ಮೇಲೆ ತುಕ್ಕು ಹಿಡಿದ ನಾಲ್ಕು ಬೋಲ್ಟುಗಳು ಮಾತ್ರ ಇದ್ದವು. ಅಲ್ಲಿಂದ ಸೇತುವೆಯ ಹಾಸಿನವರೆಗೆ ಕಂಬ ಬರಿದಾಗಿತ್ತು, ಹಾಸಿನ ಅಡಿಯಲ್ಲೂ ಕೆಸರಿನ ಕಲೆ.

"ಕಾಕಾ, ಮ್ಯಾಲಿನ ಪಟ್ಟಿ ಎಲ್ಲೈತ್ರಿ?"

"ಹಳ್ಳ ಒಯ್ದೈತಿ. ನಾ ಕೆಲಸಕ್ಕ ಹತ್ತೂದಕ್ಕಿಂತ ಮೊದ್ಲ."

ನೀರು ಅದಕ್ಕೂ ಮೇಲೆ ಬಂದ ದಿನ ಏನು ಹೇಳುತ್ತೀರಿ ಎಂದು ಕೇಳಿದೆ. ಮೊದಮೊದಲು 'ಪಟ್ಟಿ ಮುಳುಗೇತ್ರಿ' ಎನ್ನುತ್ತಿದ್ದರಂತೆ. ಕಚೇರಿಯವನು ನಂಬರು ಹೇಳು ಎನ್ನುತ್ತಿದ್ದನಂತೆ. "ಪಟ್ಟಿ ಎಷ್ಟೈತೋ ಅಷ್ಟ ಹೇಳ್ತೀನಿ, ಮೂರು ಅಂತ. ಇಲ್ಲದ ಪಟ್ಟಿ ನಾ ಹೆಂಗ ಓದ್ಲಿ, ತಂಗೀ?"

ಸಪಾಟಾಗಿ ಮಲಗಿದ್ದು ಹಳ್ಳವಲ್ಲ. ಪಟ್ಟಿ ಮುಗಿದ ಜಾಗವನ್ನು ನಾನು ವಾರಗಟ್ಟಲೆ ಹಳ್ಳದ ಸ್ವಭಾವವೆಂದು ಓದಿಕೊಂಡು ಕೂತಿದ್ದೆ. ನಾನೊಬ್ಬಳೇ ಅಲ್ಲ, ಆ ಅಂಕಿಗಳನ್ನು ಇಳಿಸಿಕೊಂಡ ಪ್ರತಿಯೊಬ್ಬರೂ.

ದಂಡೆ ಹತ್ತಿ ಊರ ಕಡೆ ತಿರುಗಿದಾಗ ಖಾಲಿ ಜಾಗವೊಂದರಲ್ಲಿ ಸುಣ್ಣದ ಗೆರೆ ಕಂಡಿತು. ದೊಡ್ಡದೊಂದು ಚೌಕ, ಒಳಗೆ ಸಣ್ಣ ಚೌಕಗಳು. ಬಾಜೂಕೆ ಕಲ್ಲಿನ ರಾಶಿ. ಹೊಸ ಅಂಗನವಾಡಿ ಇಲ್ಲೇ ಏಳುತ್ತದೆ, ಮುಂದಿನ ವಾರ ಅಡಿಪಾಯ ಎಂದರು ಮೌಲಾಸಾಬ. ಇಲ್ಲಿಯವರೆಗೆ ನೀರು ಬರುತ್ತದೆಯೇ ಎಂದೆ. ಅವರು ಚೌಕದ ಮೂಲೆಯ ಜಾಲಿ ಗಿಡ ತೋರಿಸಿದರು. ಕೊಂಬೆಗಳಿಗೆ ಒಣಹುಲ್ಲು, ಹತ್ತಿಕಟ್ಟಿಗೆ, ಹರಿದ ಪ್ಲಾಸ್ಟಿಕ್ಕು ಸಿಕ್ಕಿಕೊಂಡಿದ್ದವು. ಕೈ ಎತ್ತಿದೆ. ನನ್ನ ಬೆರಳು ಅಲ್ಲಿಗೆ ಮುಟ್ಟಲಿಲ್ಲ. ಆ ಗೆರೆಯ ಒಳಗೆ ಕೂರುವವರು ಮೂರರಿಂದ ಆರು ವರ್ಷದ ಮಕ್ಕಳು.

ಅಂಗನವಾಡಿ ನಡೆಸುವ ನೀಲಮ್ಮ ಅಕ್ಕೋರ ಮನೆಯಲ್ಲಿ ಅಂದು ಉಳಿದೆ. ಸಂಜೆ ಬಿಸಿ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಹಿಂಡಿ, ಮೊಸರು. ಉಣ್ಣುತ್ತ ಜಾಗದ ವಿಷಯ ತೆಗೆದೆ. ಅವರಿಗೆ ಗೊತ್ತಿಲ್ಲದಿದ್ದರೆ ಹೇಗೆ ಹೇಳುವುದು ಎಂದು ನಾನು ಮಾತು ಹುಡುಕುತ್ತಿರುವಾಗ ಅವರೇ ಹೇಳಿದರು.

"ಗೊತ್ತೈತವಾ. ನಾವ ಅಂದ್ವಿ, ಸಾಹೇಬ್ರ ಇಲ್ಲಿ ನೀರ ಬರತೈತಿ ಅಂತ. ಎಂಜಿನಿಯರು ಮೊಬೈಲ್ ತಗದು ತೋರಿಸಿದ್ರು. ಆರು ವರ್ಷದಾಗ ಮೂರು ಮೀಟರ್ ದಾಟಿಲ್ಲ, ಜಾಗ ಅದರಕಿಂತ ಮ್ಯಾಲೈತಿ ಅಂದ್ರು. ಆಮ್ಯಾಲ ನಾವೂ ಸುಮ್ಮನಾದ್ವಿ. ನಮಗೂ ಕಟ್ಟಡ ಬೇಕಾಗಿತ್ತು."

ಊರಲ್ಲಿ ಸರ್ಕಾರದ್ದೆಂದು ಇರುವ ಖಾಲಿ ಜಾಗ ಅದೊಂದೇ. ಬೇಡ ಎಂದರೆ ಅನುದಾನ ಬೇರೆ ಊರಿಗೆ ಹೋಗುತ್ತದೆ. ನೀರು ಏರುವ ದಿನ ಮಕ್ಕಳಿಗೆ ರಜೆ ಕೊಟ್ಟರಾಯಿತು ಎಂದು ಅವರು ತಮ್ಮೊಳಗೇ ಲೆಕ್ಕ ಹಾಕಿದ್ದರು. ಏರುವುದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಮಳೆ ಬೀಳುವುದು ಹಳ್ಳದ ಮೇಲ್ಭಾಗದ ಕುಂದಗೋಳ, ಸಂಶಿ ಕಡೆ; ಇಲ್ಲಿ ಬಿಸಿಲಿದ್ದಾಗಲೇ ಹಳ್ಳ ತುಂಬಿ ಬಂದದ್ದುಂಟು ಎಂದು ಮಧ್ಯಾಹ್ನ ಮೌಲಾಸಾಬ ಹೇಳಿದ್ದರು. ನೀಲಮ್ಮನವರು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.

ಶುಕ್ರವಾರ ಬೆಳಗ್ಗೆ ಈಗಿನ ಅಂಗನವಾಡಿಗೆ ಹೋದೆ. ದನದ ಕೊಟ್ಟಿಗೆಗೆ ಹೊಂದಿಕೊಂಡ ಒಂದು ಬಾಡಿಗೆ ಖೋಲಿ. ಹದಿನೆಂಟು ಮಕ್ಕಳು, ಒಂದೇ ಕಿಟಕಿ. ಸೋರುವ ಮೂಲೆಯಲ್ಲಿ ಬಕೆಟ್ಟು, ಸೋರದ ಮೂಲೆಯಲ್ಲಿ ಬೇಳೆ, ಅಕ್ಕಿಯ ಚೀಲ. ನನ್ನ ಅಭ್ಯಾಸದಂತೆ ಇದೆಲ್ಲವನ್ನೂ ಬರೆದುಕೊಂಡು, ಅಂಗನವಾಡಿಗಳ ಬಗ್ಗೆ ಜಾಲತಾಣದಲ್ಲಿ ಏನಿದೆ ನೋಡೋಣವೆಂದು ಮೊಬೈಲಿನಲ್ಲಿ ಎಕ್ಕಿಹಾಳದ ಸಾಲು ಹುಡುಕಿದೆ. ಮಕ್ಕಳ ಸಂಖ್ಯೆ ಸರಿಯಿತ್ತು. 'ಸ್ವಂತ ಕಟ್ಟಡ' ಎಂಬ ಅಂಕಣದಲ್ಲಿ 'ಇದೆ' ಎಂದಿತ್ತು.

ಮತ್ತೊಮ್ಮೆ ತೆರೆದು ನೋಡಿದೆ. ಇದೆ.

ಮೊಬೈಲನ್ನು ನೀಲಮ್ಮನವರ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಓದಿದರು, ಖೋಲಿಯ ಸುತ್ತ ಒಮ್ಮೆ ಕಣ್ಣಾಡಿಸಿದರು. "ಹಂಗಾದ್ರ ಈಗ ನಾ ಎಲ್ಲಿ ಕುಂತೇನವಾ?"

ಮಕ್ಕಳನ್ನು ಸಹಾಯಕಿಗೆ ಒಪ್ಪಿಸಿ, ಅವರು ಹತ್ತು ಗಂಟೆಯ ಬಸ್ಸಿಗೆ ನನ್ನ ಜೊತೆಯೇ ಹೊರಟರು.

ನವಲಗುಂದದ ಕಚೇರಿಯಲ್ಲಿ ಹಳ್ಳದ ಅಂಕಿಗಳನ್ನು ಕಂಪ್ಯೂಟರಿಗೆ ಹಾಕುವ ಹುಡುಗ ಈರಣ್ಣ ಒಳ್ಳೆಯವನು. ಕುರ್ಚಿ ಕೊಟ್ಟ, ಚಹ ತರಿಸಿದ. ಮೂರಕ್ಕಿಂತ ಹೆಚ್ಚು ಎಂದು ಯಾಕೆ ಬರೆಯುವುದಿಲ್ಲ ಎಂದು ಕೇಳಿದಾಗ ಪರದೆಯನ್ನೇ ನನ್ನ ಕಡೆ ತಿರುಗಿಸಿದ. ಆ ಚೌಕದಲ್ಲಿ ಅಂಕಿ ಬಿಟ್ಟರೆ ಅಕ್ಷರ ಕೂರುವುದಿಲ್ಲ. ಖಾಲಿ ಬಿಟ್ಟರೆ ಇಡೀ ಸಾಲು ಕೆಂಪಾಗುತ್ತದೆ, ಕೆಂಪಾದರೆ ಮೇಲಿನಿಂದ ಕಾರಣ ಕೇಳಿ ನೋಟಿಸು ಬರುತ್ತದೆ. "ಮೊದಲ ರಿಜಿಸ್ಟರ್‌ದಾಗ ಷರಾ ಅಂತ ಒಂದು ಕಾಲಂ ಇತ್ರಿ. ಪಟ್ಟಿ ಮುಳುಗೇತಿ ಅಂತ ಅಲ್ಲಿ ಬರೀತಿದ್ರು. ಕಂಪ್ಯೂಟರ್ ಬಂದ ಮ್ಯಾಲ ಷರಾ ತಗದ್ರು."

ಈ ಅಂಕಿಗಳನ್ನು ನೋಡಿಯೇ ಅಂಗನವಾಡಿಗೆ ಜಾಗ ಗೊತ್ತು ಮಾಡಿದ್ದಾರೆ ಎಂದೆ. ಅವನಿಗೆ ಅರ್ಥವಾಗಲಿಲ್ಲ. ನನ್ನ ಮೊಬೈಲಿನಲ್ಲಿ ಅವನು ಆ ದಿನ ಬೆಳಗ್ಗೆ ಹಾಕಿದ ಅಂಕಿಯನ್ನೇ ತೆಗೆದು ತೋರಿಸಿದೆ. ಅವನು ಮೊಬೈಲನ್ನು ಕೈಗೆ ತೆಗೆದುಕೊಂಡು ಹತ್ತಿರದಿಂದ ನೋಡಿದ.

"ಇದು ನಿಮಗೂ ಕಾಣಸ್ತೈತೇನ್ರಿ?"

"ಯಾರು ಬೇಕಾದ್ರೂ ನೋಡಬಹುದು."

"ನಮ್ಮ ಸಾಹೇಬ್ರು ಒಬ್ರ ನೋಡ್ತಾರ ಅನ್ಕೊಂಡಿದ್ನಿರಿ."

ಇಬ್ಬರೂ ಕೂತು 3.00 ಇರುವ ಸಾಲುಗಳನ್ನು ಎಣಿಸಿದೆವು. ನಲವತ್ತೊಂದು ಬೆಳಗುಗಳು. ಆ ಒಂದೊಂದು ಬೆಳಗ್ಗೆಯೂ ನೀರು ಎಲ್ಲಿಯವರೆಗೆ ಇತ್ತು ಎಂಬುದು ಇನ್ನು ಯಾರಿಗೂ ತಿಳಿಯುವಂತಿಲ್ಲ. ಈರಣ್ಣ ಎರಡು ಬಿಳಿ ಹಾಳೆ ಕೊಟ್ಟ. ಪಕ್ಕದಲ್ಲಿ ಕೂತಿದ್ದ ನೀಲಮ್ಮನವರು ಪೆನ್ನು ಕೇಳಿದರು. ಈ ಜಾಗದಲ್ಲಿ ಜಾಲಿ ಗಿಡದ ಕೊಂಬೆಯವರೆಗೆ ನೀರು ಬರುತ್ತದೆ ಎಂದು ಮೊದಲ ಹಾಳೆಯಲ್ಲಿ ಬರೆದರು. ನಮಗೆ ಸ್ವಂತ ಕಟ್ಟಡ ಇಲ್ಲ ಎಂದು ಎರಡನೆಯದರಲ್ಲಿ.

"ಅಕ್ಕೋರ, ಇದನ್ನ ಕೊಟ್ರ ಕಟ್ಟಡ ಹೋಗ್ತೈತ್ರಿ," ಎಂದ ಈರಣ್ಣ.

"ಹೋಗ್ಲಿ. ಹುಡುಗ್ರು ಹೋಗೂದಕಿಂತ ಬೇಸಿ," ಎಂದು ಸಹಿ ಮಾಡಿದರು.

ಮೊದಲನೆಯದನ್ನು ಎಂಜಿನಿಯರಿಗೆ ತಲುಪಿಸಲು ಈರಣ್ಣನ ಕೈಗೆ ಕೊಟ್ಟು, ಎರಡನೆಯ ಹಾಳೆಯನ್ನು ಅಂಗನವಾಡಿಗಳ ಕಚೇರಿಗೆ ಒಯ್ದೆವು. ಅಲ್ಲಿದ್ದ ಅಧಿಕಾರಿಣಿ ತಾಳ್ಮೆಯಿಂದಲೇ ಕೇಳಿದರು. ಅನುದಾನ ಮಂಜೂರಾದ ದಿನವೇ 'ಇದೆ' ಎಂದು ನಮೂದಾಗುತ್ತದಂತೆ, ಆಮೇಲೆ ಆ ಸಾಲಿಗೆ ಬೀಗ ಬೀಳುತ್ತದಂತೆ. ಬೀಗ ತೆಗೆಸಲು ಏನು ಬೇಕು ಎಂದು ಕೇಳಿದೆ. ಕಟ್ಟಡ ಮುಗಿದಿದೆ ಎಂಬ ಪ್ರಮಾಣಪತ್ರ ಎಂದರು. ನಾನು ಡೈರಿ ತೆರೆದವಳು ಏನೂ ಬರೆಯದೆ ಮುಚ್ಚಿದೆ. ಅಧಿಕಾರಿಣಿಯೂ ತಾವು ಹೇಳಿದ್ದು ತಮಗೇ ಆಗ ಕೇಳಿಸಿದಂತೆ ಅರ್ಜಿಯನ್ನು ತಮ್ಮ ಕಡೆ ಎಳೆದುಕೊಂಡರು. ಅದರ ನಕಲಿಗೆ ಸ್ವೀಕರಿಸಿದ ಮೊಹರು ಮಾತ್ರ ಹಾಕಿಕೊಟ್ಟರು.

ಮೂರು ಗಂಟೆಗೆ ನನ್ನ ಬಸ್ಸು ಹುಬ್ಬಳ್ಳಿಯ ಕಡೆ ಹೊರಟಿತು. ಕಿಟಕಿಯಿಂದ ನೋಡಿದಾಗ ನೀಲಮ್ಮನವರು ಎಕ್ಕಿಹಾಳದ ಬಸ್ಸಿಗೆ ಕಾಯುತ್ತ, ಮೊಹರು ಬಿದ್ದ ಹಾಳೆಯನ್ನು ಬಿಸಿಲಿಗೆ ತಲೆಯ ಮೇಲೆ ಹಿಡಿದು ನಿಂತಿದ್ದರು.

ನಾನು ಮರಳಿದ ಮೇಲೆ ಬಳಗದಿಂದ ನಾವು ಮೂರು ಬೇಡಿಕೆ ಕಳಿಸಿದೆವು: ಮೇಲಿನ ಪಟ್ಟಿ ಹಾಕಿಸಿ, ಷರಾ ಅಂಕಣವನ್ನು ಮರಳಿ ತನ್ನಿ, ಅಂಗನವಾಡಿಯ ಸಾಲು ತಿದ್ದಿ. ಪಟ್ಟಿ ಬಂತು, ಐದು ಮೀಟರಿನವರೆಗೆ ಇದೆ ಎಂದು ಮೌಲಾಸಾಬ ಫೋಟೋ ಕಳಿಸಿದರು. ಷರಾ ಪರಿಶೀಲನೆಯಲ್ಲಿದೆಯಂತೆ. ಸುಣ್ಣದ ಗೆರೆಯ ಮೇಲೆ ಹುಲ್ಲು ಬೆಳೆದಿದೆ, ಅನುದಾನ ಬೇರೆ ಊರಿಗೆ ಹೋಗಿದೆ. ನೀಲಮ್ಮನವರು ಸೋಮವಾರಕ್ಕೊಮ್ಮೆ ಫೋನು ಮಾಡುತ್ತಾರೆ, ನಾನು ಜಾಲತಾಣ ತೆರೆದು ನೋಡಿ ಹೇಳುತ್ತೇನೆ. ಈ ಸೋಮವಾರವೂ ಕೇಳಿದರು.

"ಏನಂತೈತವಾ?"

"ಇನ್ನೂ 'ಇದೆ' ಅಂತನ ಐತ್ರಿ, ಅಕ್ಕೋರ."

ಹಿಂದೆ ಮಕ್ಕಳ ಗದ್ದಲ ಕೇಳುತ್ತಿತ್ತು. ಬಕೆಟ್ಟಿಗೆ ಹನಿ ಬೀಳುವುದೂ ಕೇಳಿತು.

"ಹಂಗಾದ್ರ ಒಮ್ಮೆ ಬಾರವಾ," ಎಂದರು. "ನಮ್ಮ ಹೊಸಾ ಕಟ್ಟಡದಾಗ ಕುಂತು ಚಾ ಕುಡಿಯೂಣು."