ಹನ್ನೊಂದು ಇಪ್ಪತ್ತಕ್ಕೆ ಬರೆದ ವರದಿ

ಇಂಥ ಕಥೆ ಹೇಳುವವರನ್ನು ನಾನು ಬಹಳ ಕಾಡಿದ್ದೇನೆ. ನಮ್ಮ ಸೋದರಮಾವ ಊಟಕ್ಕೆ ಕೂತಾಗಲೆಲ್ಲ, ತಾನು ಗದಗ ಸ್ಟೇಶನ್ನಿನಲ್ಲಿ ಸತ್ತುಹೋದ ಗೆಳೆಯನೊಬ್ಬನ ಜೊತೆ ಕೂತು ಚಹಾ ಕುಡಿದದ್ದನ್ನು ಹೇಳುತ್ತಿದ್ದ. 'ಅಂವಾ ಸಕ್ಕರಿ ಎಷ್ಟು ಹಾಕ್ಕೊಂಡಾ ಮಾಮಾ?' ಎಂದು ನಾನು ಮುಖ ಗಂಭೀರ ಮಾಡಿಕೊಂಡು ಕೇಳುತ್ತಿದ್ದೆ. ಮಾಮಾ ಸಿಟ್ಟಾಗಿ ಎರಡು ದಿನ ನನ್ನ ಜೊತೆ ಮಾತು ಬಿಡುತ್ತಿದ್ದ. ಸೂಕ್ಷ್ಮದರ್ಶಕದ ಮುಂದೆ ಬದುಕು ಕಳೆದವನು ನಾನು. ಕಣ್ಣಿಗೆ ಬೀಳದ್ದನ್ನು ಇದೆ ಎನ್ನುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನೀವು ಸಕ್ಕರೆಯ ಪ್ರಶ್ನೆ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಇದು ನಡೆದದ್ದು ರಾತ್ರಿಯಲ್ಲಿ ಅಲ್ಲ. ಪುಣೆಯಲ್ಲಿ, ಒಂದು ಭಾನುವಾರದ ಹಗಲಿನಲ್ಲಿ, ಹೊರಗೆ ಚುರುಗುಟ್ಟುವ ಬಿಸಿಲಿತ್ತು. ಇಸವಿ ಎರಡು ಸಾವಿರದ ಆಸುಪಾಸು. ಆಸ್ಪತ್ರೆಯೊಂದಕ್ಕೆ ಹೊಂದಿಕೊಂಡ ಪ್ರಯೋಗಾಲಯದಲ್ಲಿ ನಾನು ಆಗಲೇ ಒಂಬತ್ತು ವರ್ಷದಿಂದ ಸಂಶೋಧನಾ ಸಹಾಯಕನಾಗಿದ್ದೆ. ನಮ್ಮ ಕೆಲಸವೆಲ್ಲ ಡಿಫ್ತೀರಿಯಾ ತರುವ ಬ್ಯಾಕ್ಟೀರಿಯಾದ ಮೇಲೆ. ನಮ್ಮ ಕಡೆ ಗಂಟಲಮಾರಿ ಎನ್ನುತ್ತಾರಲ್ಲ, ಅದೇ. ಲಸಿಕೆ ಬಂದು ಎಷ್ಟೋ ಕಾಲವಾದರೂ ಇದು ಯಾವ ಮಕ್ಕಳಲ್ಲಿ, ಯಾಕೆ ಉಳಿದುಕೊಂಡಿದೆ ಎಂಬುದು ನಮ್ಮ ವಿಭಾಗದ ಮುಖ್ಯಸ್ಥೆಯ ಸಂಶೋಧನೆ. ಅವರನ್ನು ನಾವೆಲ್ಲ ಮೇಡಂ ಎನ್ನುತ್ತಿದ್ದೆವು.

ಈ ಬ್ಯಾಕ್ಟೀರಿಯಾದ ಒಂದು ಸಂಗತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮಗುವನ್ನು ಕೊಲ್ಲುವುದು ಬ್ಯಾಕ್ಟೀರಿಯಾ ಅಲ್ಲ, ಅದು ಬಿಡುವ ವಿಷ. ಆದರೆ ಎಲ್ಲ ತಳಿಗಳೂ ವಿಷ ಮಾಡುವುದಿಲ್ಲ, ಮತ್ತು ನೋಡಲು ಎಲ್ಲವೂ ಒಂದೇ ಥರ. ಅವನ್ನು ಬೇರೆ ಮಾಡಲು ಒಂದು ಪರೀಕ್ಷೆಯಿದೆ. ಗಾಜಿನ ತಟ್ಟೆಯಲ್ಲಿ ಅಗರ್ ಎಂಬ ಲೋಳೆಯಂಥ ಪಾಕ ಹಾಕಿ, ನಡುವೆ ಪ್ರತಿವಿಷದಲ್ಲಿ ನೆನೆಸಿದ ಕಾಗದದ ಪಟ್ಟಿ ಇಟ್ಟು, ಅದಕ್ಕೆ ಅಡ್ಡವಾಗಿ ಬ್ಯಾಕ್ಟೀರಿಯಾ ಗೀರಬೇಕು. ವಿಷ ಇದ್ದರೆ ಅದೂ ಪ್ರತಿವಿಷವೂ ಅಗರ್ ಒಳಗೆ ಸೇರಿದಲ್ಲಿ ಗಂಜಿಯ ಕೆನೆಯಷ್ಟು ತೆಳುವಾದ ಬಿಳಿ ಗೆರೆ ಮೂಡುತ್ತದೆ. ಕೆಲವೊಮ್ಮೆ ಇಪ್ಪತ್ನಾಲ್ಕು ತಾಸಿಗೆ ಕಾಣುತ್ತದೆ, ಕೆಲವೊಮ್ಮೆ ನಲವತ್ತೆಂಟು ಬೇಕು. ನಾನು ನಲವತ್ತೆಂಟು ತಾಸು ತುಂಬದೆ ಏನನ್ನೂ ಬರೆಯುತ್ತಿರಲಿಲ್ಲ. ಅದು ನನ್ನದೇ ನಿಯಮ, ಮತ್ತು ಅದರ ಬಗ್ಗೆ ನನಗೆ ಸೊಕ್ಕೇ ಇತ್ತು ಎನ್ನಿ.

ನಮ್ಮ ದಾಖಲೆ ಪುಸ್ತಕದಲ್ಲಿ ಪ್ರತಿ ಪರೀಕ್ಷೆಗೂ ಒಂದು ಸಾಲು. ತಟ್ಟೆ ಹೇಗೆ ಕಂಡಿತೆಂದು ಪೆನ್ಸಿಲ್ಲಿನಲ್ಲಿ ಸಣ್ಣ ಚಿತ್ರ, ನೋಡಿದ ಹೊತ್ತು, ಫಲಿತಾಂಶ, ಕೊನೆಗೆ ಎರಡು ಸಹಿ. ಒಂದು 'ಓದಿದವರು', ಇನ್ನೊಂದು 'ತಾಳೆ ನೋಡಿದವರು'. ಓದುವವನು ನಾನು, ತಾಳೆ ನೋಡುವವರು ಮೇಡಂ. ತನ್ನ ಕಣ್ಣಿನಿಂದ ನೋಡದೆ ಯಾರೂ ಸಹಿ ಹಾಕಬಾರದು ಎಂದು ಮೇಡಂ ಮೊದಲ ದಿನವೇ ಹೇಳಿದ್ದರು. ಒಂಬತ್ತು ವರ್ಷ ನಾನು ಅದನ್ನು ಮೀರಿರಲಿಲ್ಲ.

ಆ ಭಾನುವಾರಕ್ಕೆ ಹತ್ತು ದಿನ ಮುಂಚೆ ವಾರ್ಡಿನಲ್ಲಿ ಐದು ವರ್ಷದ ಹುಡುಗನೊಬ್ಬ ತೀರಿಕೊಂಡ. ಅವನ ತಟ್ಟೆಯನ್ನು ನಾನು ನಲವತ್ತೆಂಟು ತಾಸಿಗೆ ಸರಿಯಾಗಿ ಓದಿ, ವಿಷ ಇದೆ ಎಂದು ಬರೆದು, ವರದಿಯ ಚೀಟಿ ಹಿಡಿದು ನಾನೇ ವಾರ್ಡಿಗೆ ಹೋದೆ. ಹಾಸಿಗೆಯ ಮೇಲೆ ತೊಳೆದ ಚಾದರ ಹಾಸುತ್ತಿದ್ದರು. ನನ್ನ ವರದಿ ಸರಿಯಾಗಿತ್ತು. ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ನನಗೆ ಏನೂ ಅನ್ನಿಸುತ್ತಿರಲಿಲ್ಲ. ದುಃಖವಾಗಲಿಲ್ಲ, ನಿದ್ದೆಯೂ ಕೆಡಲಿಲ್ಲ. ಹೆಂಡತಿ ಊಟಕ್ಕೆ ಬಡಿಸಿದ್ದಕ್ಕೆ ಉಪ್ಪೇ ಹಾಕಿರಲಿಲ್ಲವಂತೆ. ನಾನು ಸುಮ್ಮನೆ ತಿಂದು ಎದ್ದೆ. ಅವಳು ಆಮೇಲೆ ಹೇಳಿ ಅತ್ತಳು.

ಆ ಹುಡುಗ ಹೋದ ಒಂದು ವಾರಕ್ಕೆ ಶರಣಮ್ಮ ಎಂಬ ನಾಲ್ಕು ವರ್ಷದ ಹುಡುಗಿ ಅದೇ ವಾರ್ಡಿಗೆ ಬಂದಳು. ತಂದೆ ಭೀಮರಾಯ ಯಾದಗಿರಿ ಕಡೆಯವನು. ಮಗರಪಟ್ಟಾದಲ್ಲಿ ಏಳುತ್ತಿದ್ದ ಕಟ್ಟಡಗಳಿಗೆ ಸೆಂಟ್ರಿಂಗ್ ಕೆಲಸ, ಸಂಸಾರ ಯೆರವಡಾದ ತಗಡಿನ ಮನೆಯಲ್ಲಿ. ಹುಡುಗಿಯ ಗಂಟಲಲ್ಲಿ ಬ್ಯಾಕ್ಟೀರಿಯಾ ಇರುವುದು ಖಚಿತವಾಗಿತ್ತು, ಅದು ವಿಷ ಮಾಡುವ ತಳಿಯೇ ಎಂಬುದು ಗೊತ್ತಿರಲಿಲ್ಲ. ಪ್ರತಿವಿಷದ ಔಷಧ ಆಗ ಎಲ್ಲೂ ಸಿಗುತ್ತಿರಲಿಲ್ಲ. ವಾರ್ಡಿನಲ್ಲಿ ಉಳಿದದ್ದು ಒಂದು ಮಗುವಿಗೆ ಸಾಕಾಗುವಷ್ಟು. ಕುದುರೆಯ ರಕ್ತದಿಂದ ತೆಗೆದ ಔಷಧ ಅದು, ಕೆಲವು ಮಕ್ಕಳಿಗೆ ಅದೇ ಪ್ರಾಣಕ್ಕೆ ಕುತ್ತು. ವಾರ್ಡಿನ ಡಾಕ್ಟರು ನನ್ನ ಚೀಟಿಗೆ ಕಾಯುತ್ತೇನೆ ಎಂದರು. ಹಾಗೆ ಕಾಯಬಾರದು ಎಂದು ಈಗ ಎಲ್ಲರೂ ಹೇಳುತ್ತಾರೆ. ಆಗಲೂ ಪುಸ್ತಕದಲ್ಲಿ ಹಾಗೇ ಇತ್ತು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಅವಳ ತಟ್ಟೆ ಇಟ್ಟೆ. ಭಾನುವಾರ ಹತ್ತಕ್ಕೆ ಬಂದು, ಕಪ್ಪು ಕಾರ್ಡಿನ ಮೇಲೆ ಹಿಡಿದು, ದೀಪವನ್ನು ಓರೆ ಮಾಡಿ ನೋಡಿದೆ. ಗೆರೆ ಇರಲಿಲ್ಲ. ಮಸೂರ ಹಿಡಿದು ಮತ್ತೆ ನೋಡಿದೆ, ಇರಲಿಲ್ಲ. ಪುಸ್ತಕ ತೆಗೆಯಲೇ ಇಲ್ಲ. ತಟ್ಟೆಯನ್ನು ಇನ್‌ಕ್ಯುಬೇಟರಿನಲ್ಲಿ ಇಟ್ಟು ಬೀಗ ಹಾಕಿ, ಕೀಲಿಯನ್ನು ಪ್ಯಾಂಟಿನ ಒಳಜೇಬಿಗೆ ಹಾಕಿಕೊಂಡು ಹನ್ನೊಂದಕ್ಕೆ ಗೇಟಿನ ಹೊರಗಿನ ಚಹಾದ ಗಾಡಿಗೆ ಹೋದೆ. ಆ ಗಾಡಿಯವನ ರೇಡಿಯೋದಲ್ಲಿ ಹನ್ನೊಂದರ ಸುದ್ದಿ ಆಗಷ್ಟೇ ಶುರುವಾಗಿತ್ತು.

ಭೀಮರಾಯ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ. ನಾನು ಕನ್ನಡದವನೆಂದು ಯಾರೋ ಹೇಳಿದ್ದರಂತೆ. ಎದ್ದು ಬಂದು ನನ್ನ ತೋಳು ಹಿಡಿದುಕೊಂಡ.

'ಸಾಹೇಬ್ರ, ನನ್ನ ಮಗಳದು ಏನಾತ್ರಿ? ಉಸಿರು ಭಾಳ ಜಗ್ಗಾಕತ್ಯಾಳ್ರಿ.'

'ಇನ್ನತನಕ ಏನೂ ಇಲ್ರಿ, ಹೆದರಬ್ಯಾಡ್ರಿ,' ಅಂದೆ.

ಗೆರೆ ಮೂಡಿಲ್ಲ ಎಂಬುದು ನನ್ನ ಬಾಯಲ್ಲಿ ಏನೂ ಇಲ್ಲ ಎಂದಾಯಿತು. ಹಾಗೆ ಹೇಳಬಾರದಿತ್ತು. ಅವನು ನನ್ನ ಮಾತು ನಂಬಿ ಎರಡು ಸಲ ಕೈಮುಗಿದ. ಆಮೇಲೆ ಊರಿನ ಮಾತು, ಕೆಲಸಕ್ಕೆ ಕರೆತಂದ ಮುಕಾದಮನ ಮಾತು, ಹುಡುಗಿ ಸಜ್ಜೆ ರೊಟ್ಟಿಯನ್ನೇ ಬೇಡುತ್ತಾಳೆ, ಅನ್ನ ಮುಟ್ಟುವುದಿಲ್ಲ ಎಂಬ ಮಾತು. ನನಗೂ ಎದ್ದುಹೋಗುವ ಮನಸ್ಸಿರಲಿಲ್ಲ. ಇಬ್ಬರೂ ಎರಡೆರಡು ಚಹಾ ಕುಡಿದೆವು. ಹನ್ನೆರಡರವರೆಗೆ ಅವನು ನನ್ನ ಪಕ್ಕದಿಂದ ಏಳಲಿಲ್ಲ, ನಾನೂ ಏಳಲಿಲ್ಲ. ಇದನ್ನು ದಯವಿಟ್ಟು ನೆನಪಿಡಿ.

ಹನ್ನೆರಡಕ್ಕೆ ನಾನು ಮೇಲೆ ಬಂದಾಗ ಸುಮನ್ ಮಾವಶಿ ಮೆಟ್ಟಿಲ ಮೇಲೆ ಕೂತು ಕಾಲು ಒತ್ತಿಕೊಳ್ಳುತ್ತಿದ್ದಳು. ತಟ್ಟೆ ತೊಳೆಯುವುದು, ಚೀಟಿ ಮುಟ್ಟಿಸುವುದು ಅವಳ ಕೆಲಸ. ನಾನು ಸೇರುವ ಮೊದಲಿನಿಂದಲೂ ಅಲ್ಲಿದ್ದವಳು. 'ಚಿಠ್ಠೀ ದಿಲೀ, ಸರ್,' ಅಂದಳು, ಚೀಟಿ ಕೊಟ್ಟಾಯಿತು ಎಂದು. ಯಾವ ಚೀಟಿ ಎಂದು ಕೇಳಿದೆ. 'ಆತ್ತಾ ತುಮ್ಹೀಚ್ ದಿಲೀತ್ ನಾ,' ಅಂದಳು. ಈಗಷ್ಟೇ ನೀವೇ ಕೊಟ್ಟಿರಲ್ಲ ಎಂದು. ನಾನು ಮೇಜಿನ ಪಕ್ಕ ನಿಂತಿದ್ದೆನಂತೆ, ಪ್ರಯೋಗಾಲಯದ ಕೋಟಿನ ಗುಂಡಿಯೆಲ್ಲ ಹಾಕಿಕೊಂಡಿದ್ದೆನಂತೆ, ಚೀಟಿ ಕೊಟ್ಟು ಕೈಯಿಂದ ಬೇಗ ಹೋಗು ಎಂದು ಸನ್ನೆ ಮಾಡಿದೆನಂತೆ. ಮಾತಾಡಲಿಲ್ಲವಂತೆ. ಅವಳು ಓಡಿಹೋಗಿ ವಾರ್ಡಿಗೆ ಮುಟ್ಟಿಸಿ ಬಂದಿದ್ದಳು, ಅದಕ್ಕೇ ಕಾಲು ನೋವು.

ಒಳಗೆ ಹೋದೆ. ದಾಖಲೆ ಪುಸ್ತಕ ಮೇಜಿನ ಮೇಲೆ ತೆರೆದಿತ್ತು. ಶರಣಮ್ಮನ ಸಾಲು ತುಂಬಿತ್ತು. ಅಕ್ಷರ ನನ್ನದು, ದಿನಾಂಕದಲ್ಲಿ ಏಳರ ಅಂಕಿಗೆ ನಡುವೆ ಅಡ್ಡಗೆರೆ ಎಳೆಯುವ ನನ್ನ ಚಟವೂ ಅದರಲ್ಲಿತ್ತು. ಹೊತ್ತು ಹನ್ನೊಂದು ಇಪ್ಪತ್ತು. ಫಲಿತಾಂಶ: ವಿಷ ಇದೆ. ಪಕ್ಕದಲ್ಲಿ ಪೆನ್ಸಿಲ್ಲಿನ ಚಿತ್ರ, ಅದರಲ್ಲಿ ಕಾಗದದ ಪಟ್ಟಿಯ ಎಡಗಡೆ ಮಾತ್ರ ಒಂದು ಗೆರೆ. ಬಲಗಡೆ ಏನೂ ಇಲ್ಲ. ಗೆರೆ ಸಾಮಾನ್ಯವಾಗಿ ಎರಡೂ ಕಡೆ ಮೂಡುತ್ತದೆ. ಸುಳ್ಳು ಬರೆಯುವವನಾದರೆ ಎರಡೂ ಕಡೆ ಎಳೆಯುತ್ತಿದ್ದ. 'ಓದಿದವರು' ಎಂಬಲ್ಲಿ ಸಹಿ ಇರಲಿಲ್ಲ.

ಇನ್‌ಕ್ಯುಬೇಟರಿಗೆ ಬೀಗ ಹಾಗೇ ಇತ್ತು, ಕೀಲಿ ನನ್ನ ಜೇಬಿನಲ್ಲಿತ್ತು. ತೆಗೆದು ತಟ್ಟೆ ನೋಡಿದೆ. ಕಪ್ಪು ಕಾರ್ಡು, ಓರೆ ದೀಪ, ಮಸೂರ. ಗೆರೆ ಇರಲಿಲ್ಲ.

ಆಗ ನಾನು ಮಾಡಬೇಕಾದದ್ದು ಒಂದೇ. ವಾರ್ಡಿಗೆ ಓಡಿಹೋಗಿ, ಆ ಚೀಟಿ ನನ್ನದಲ್ಲ, ಔಷಧ ಕೊಡಬೇಡಿ ಎನ್ನಬೇಕು. ಒಂದೇ ಮಹಡಿ ಕೆಳಗೆ. ಉಳಿದಿರುವ ಒಂದೇ ಔಷಧ ಸುಳ್ಳು ವರದಿಗೆ ಖರ್ಚಾದರೆ ನಾಳೆ ಬರುವ ಮಗುವಿಗೆ ಏನು ಗತಿ, ಅದೇ ಔಷಧದಿಂದ ಈ ಹುಡುಗಿಗೆ ಏನಾದರೂ ಆದರೆ ಏನು ಗತಿ, ಎಲ್ಲವೂ ತಲೆಗೆ ಬಂತು. ಬಂದು ಹೋಯಿತು. ನಾನು ಸ್ಟೂಲಿನ ಮೇಲೆ ಕೂತೆ. ಎದುರಿನ ಗೋಡೆಯ ಕ್ಯಾಲೆಂಡರ್ ನೋಡುತ್ತ ಒಂದು ತಾಸು ಕೂತಿದ್ದೆ. ಹೆದರಿಕೆ ಆಗಲಿಲ್ಲ, ಮೈ ಜುಮ್ಮೆನ್ನಲಿಲ್ಲ. ಧೈರ್ಯ ಮಾಡಿ ಸುಮ್ಮನಿದ್ದೆ ಎಂದು ಹೇಳಿಕೊಳ್ಳಲು ಆಸೆಯಿದೆ, ಆದರೆ ನಿಜ ಹಾಗಿಲ್ಲ. ಏಳಲು ಮನಸ್ಸೇ ಬರಲಿಲ್ಲ, ಅಷ್ಟೇ.

ಸಂಜೆ ಕೆಳಗೆ ಹೋಗಿ ನೋಡಿದೆ. ಚೀಟಿ ಹನ್ನೊಂದು ಮೂವತ್ತೈದಕ್ಕೆ ಬಂತೆಂದು ವಾರ್ಡಿನ ಪುಸ್ತಕದಲ್ಲಿ ನರ್ಸ್ ಬರೆದಿದ್ದಳು. ಹನ್ನೆರಡರ ಹೊತ್ತಿಗೆ ಔಷಧ ಶುರುಮಾಡಿದ್ದರು. ಹುಡುಗಿ ತಾಯಿಯ ತೊಡೆಯ ಮೇಲೆ ಮಲಗಿದ್ದಳು. ಉಸಿರಿನ ಸದ್ದು ಬಾಗಿಲವರೆಗೂ ಕೇಳುತ್ತಿತ್ತು.

ಸೋಮವಾರ ಹತ್ತಕ್ಕೆ ತಟ್ಟೆ ತೆಗೆದೆ. ಎಡಗಡೆ ಗೆರೆ ಮೂಡಿತ್ತು. ಬಲಗಡೆ ಇರಲಿಲ್ಲ. ಯಾಕೆ ಒಂದೇ ಕಡೆ ಎಂಬುದಕ್ಕೆ ಏನೋ ಕಾರಣ ಇರಬಹುದು, ಅಗರ್ ಆ ಕಡೆ ದಪ್ಪವಾಗಿದ್ದಿರಬಹುದು. ಚಿತ್ರದ ಪಕ್ಕ ತಟ್ಟೆಯಿಟ್ಟು ನೋಡಿದೆ. ಗೆರೆಯ ಬಾಗು ಕೂಡ ಅದೇ. ಮೇಡಂ ಬಂದು ನೋಡಿ 'ತಾಳೆ ನೋಡಿದವರು' ಎಂಬಲ್ಲಿ ಸಹಿ ಹಾಕಿದರು. ನೀವು ಸಹಿ ಮರೆತಿದ್ದೀರಿ ಎಂದು ಪೆನ್ನು ನನ್ನ ಕಡೆ ಚಾಚಿದರು. ನಾನು ಅವರಿಗೆ ಎಲ್ಲ ಹೇಳಿದೆ. ಅವರು ಪುಸ್ತಕ ಮುಚ್ಚಿ, ತಟ್ಟೆ ಸರಿಯಾಗಿದೆ, ನೀವು ನಾಲ್ಕು ದಿನ ರಜೆ ಹಾಕಿ ಎಂದು ಮರಾಠಿಯಲ್ಲಿ ಹೇಳಿದರು. ರಜೆ ಹಾಕಿದೆ. ಸಹಿ ಹಾಕಲಿಲ್ಲ.

ಶರಣಮ್ಮ ಉಳಿದಳು. ಮೂರು ವಾರದ ಮೇಲೆ ಮನೆಗೆ ಕಳಿಸಿದರು. ಹೋಗುವ ದಿನ ಭೀಮರಾಯ ಬಟ್ಟೆಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಮೇಲೆ ಬಂದ. ಗಂಟನ್ನು ಮೇಜಿನ ಮೇಲಿಟ್ಟು ಕೇಳಿದ.

'ಸಾಹೇಬ್ರ, ನನ್ನ ಮುಂದ ಏನೂ ಇಲ್ಲ ಅಂದ್ರಿ. ಒಳಗ ಬ್ಯಾರೇನ ಬರದು ಕಳಿಸಿದ್ರಂತ. ನಾ ಹೆದರಬಾರದಂತ ಹಂಗ ಅಂದ್ರೇನ್ರಿ?'

'ಹೌದ್ರಿ,' ಅಂದೆ.

ಅವನು ಕಾಲಿಗೆ ಬಗ್ಗಿದ. ನಾನು ಹಿಂದೆ ಸರಿದೆ. ಅವನು ಹೋದ ಮೇಲೆ ಆ ರೊಟ್ಟಿ ಮುರಿದು ಬಾಯಿಗಿಟ್ಟೆ. ಚಟ್ನಿಗೆ ಉಪ್ಪು ಜಾಸ್ತಿಯಾಗಿತ್ತು. ಜಾಸ್ತಿಯಾಗಿದೆ ಎಂದು ಗೊತ್ತಾಯಿತು. ಅಲ್ಲೇ ಕೂತು ಆ ಹುಡುಗನಿಗಾಗಿ ಅತ್ತೆ, ಮಾವಶಿ ಬಂದು ಬಾಗಿಲು ಮುಂದೆ ಮಾಡಿಕೊಂಡು ಹೋದಳು.

ನಾನು ಸುಮ್ಮನೆ ಕೂತವನಲ್ಲ, ಎಲ್ಲ ಯೋಚಿಸಿದ್ದೇನೆ. ಹತ್ತು ಗಂಟೆಗೆ ಕಣ್ಣು ಮಸುಕು ಗೆರೆಯನ್ನು ಕಂಡಿರಬಹುದು, ಮನಸ್ಸು ಒಪ್ಪದಿದ್ದರೂ ಕೈ ಆಗಲೇ ಅರಿವಿಲ್ಲದೆ ಬರೆದಿರಬಹುದು. ಹಾಗಿದ್ದರೆ ಮಾವಶಿಗೆ ಚೀಟಿ ಕೊಟ್ಟವನು ಯಾರು? ಮಾವಶಿಗೆ ಹೊತ್ತು ತಪ್ಪಿದೆ ಎಂದರೆ ನರ್ಸ್ ಬರೆದ ಹೊತ್ತೂ ತಪ್ಪಬೇಕು. ನಾನೇ ಎದ್ದು ಬಂದು ಹೋದೆ ಎಂದರೆ ಭೀಮರಾಯನ ಪಕ್ಕದಲ್ಲಿ ಹನ್ನೆರಡರವರೆಗೆ ಕೂತವನು ಯಾರು? ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ತೆರೆಯುತ್ತದೆ. ಊರಿಗೆ ಹೋದಾಗ ಮಾಮಾನಿಗೆ ಹೇಳಿದೆ, ನಗಲಿ ಎಂದು. ಅವನು ನಗಲಿಲ್ಲ, ತಾಟಿಗೆ ಇನ್ನೊಂದಿಷ್ಟು ಅನ್ನ ಹಾಕಿ ಉಣ್ಣು ಎಂದ.

ಆರೇಳು ವರ್ಷದ ಮೇಲೆ ನಮ್ಮ ಹಳೆಯ ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದರು. ಅದಕ್ಕೆ ಬಂದ ಗುಮಾಸ್ತೆ ಸೊಲ್ಲಾಪುರದ ಕನ್ನಡದ ಹೆಂಗಸು. ಒಂದು ಮಧ್ಯಾಹ್ನ ನನ್ನನ್ನು ಕರೆದಳು.

'ಸರ್, ಈ ಸಾಲು ಮುಂದ ಹೋಗವಲ್ದರಿ. ಓದಿದವರ ಹೆಸರು ಖಾಲಿ ಅದ. ಹೆಸರು ಹಾಕದ ಹೊರತು ಕಂಪ್ಯೂಟರ್ ತಗೊಳಂಗಿಲ್ಲ. ಯಾರು ಓದ್ಯಾರ್ರಿ ಇದು?'

ಪುಸ್ತಕ ನೋಡುವ ಅಗತ್ಯ ಇರಲಿಲ್ಲ. 'ನಾ ಅಲ್ರಿ,' ಅಂದೆ.

'ಅಕ್ಷರ ನಿಮ್ದ ಅದಲ್ರಿ ಸರ್.'

'ಅಕ್ಷರ ನಂದ. ಓದಿದಾಂವ ನಾ ಅಲ್ಲ.'

ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡು ಅವಳು ನಕ್ಕಳು, ನಗುತ್ತಲೇ ನನ್ನ ಹೆಸರು ಒತ್ತಿದಳು. ಸಾಲು ಮುಂದಕ್ಕೆ ಹೋಯಿತು. ನಾನು ತಡೆಯಲಿಲ್ಲ. ಈಗ ಆ ಕಂಪ್ಯೂಟರಿನಲ್ಲಿ ನನ್ನ ಹೆಸರಿನ ಮುಂದೆ ಇರುವ ಅಷ್ಟೂ ವರದಿಗಳಲ್ಲಿ ನಾನು ಓದದೆ ಇರುವುದು ಅದೊಂದೇ. ಮಗು ಬದುಕಿರುವಾಗಲೇ ವಾರ್ಡಿಗೆ ಮುಟ್ಟಬೇಕಿದ್ದ ಆ ಎರಡು ವರದಿಗಳಲ್ಲಿ, ಹೊತ್ತಿಗೆ ಮುಟ್ಟಿದ್ದೂ ಅದೊಂದೇ.